ಹನ್ನೆರಡು ಗಂಟೆಯ ಬಸ್ಸು

ಬಸುರಿ ತಂಗಿಗೆ ಏಳು ತಿಂಗಳು ತುಂಬುವ ಹೊತ್ತಿಗೆ ಹಿಮೋಗ್ಲೋಬಿನ್ 7.6ಕ್ಕೆ ಇಳಿದಿತ್ತು. ಆಶಾ ಕಾರ್ಯಕರ್ತೆ ಕೊಟ್ಟ ಕೆಂಪು ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ ಎಂದು ಅರ್ಧಕ್ಕೇ ಬಿಟ್ಟಿದ್ದಳು. ಉಳಿದ ಮಾತ್ರೆಗಳು ರಾಗಿಹಿಟ್ಟಿನ ಡಬ್ಬದ ಹಿಂದೆ ಸಿಕ್ಕವು. ಶ್ರೀನಿವಾಸಪುರದಿಂದ ಬೆಳಗಿನ ಬಸ್ಸಿಗೆ ಕೋಲಾರಕ್ಕೆ ಹೊರಟಾಗ, "ರಕ್ತ ಏರಿಸುತ್ತಾರಂತೆ" ಎಂದು ಅಮ್ಮ ಕಣ್ಣೊರೆಸಿಕೊಂಡಳು.

ಏರಿಸಿದ್ದು ರಕ್ತವಲ್ಲ, ಕಬ್ಬಿಣಾಂಶ. ನರ್ಸ್ ಎರಡು ಸಣ್ಣ ಗಾಜಿನ ಆಂಪೂಲ್ ಮುರಿದು, ಒಳಗಿನ ಗಾಢ ಕಂದು ದ್ರವವನ್ನು 100 ಮಿಲಿ ಸಲೈನ್ ಬಾಟಲಿಗೆ ಸೇರಿಸಿದರು. ನೀರಿನಂತಿದ್ದದ್ದು ನೋಡನೋಡುತ್ತಲೇ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಐರನ್ ಸುಕ್ರೋಸ್, 200 ಮಿಲಿಗ್ರಾಂ. ಆಸ್ತಮಾ ಇದೆಯೇ, ಯಾವುದಾದರೂ ಔಷಧಿ ಒಗ್ಗಿಲ್ಲವೇ, ಜ್ವರವಿದೆಯೇ ಎಂದೆಲ್ಲ ಕೇಳಿ, ಬಿಪಿ ನೋಡಿ, ಅಲರ್ಜಿ ಜೋರಾದರೆ ಕೊಡುವ ಅಡ್ರಿನಲಿನ್ ಇದ್ದ ಟ್ರೇಯನ್ನು ಕೈಗೆಟುಕುವಲ್ಲಿ ಇಟ್ಟುಕೊಂಡೇ ಡ್ರಿಪ್ ಶುರು ಮಾಡಿದರು. "ಸೂಜಿಯ ಹತ್ತಿರ ಉರಿದರೆ ತಕ್ಷಣ ಹೇಳಮ್ಮ. ಔಷಧಿ ನರದಿಂದ ಹೊರಗೆ ಹೋದರೆ ಚರ್ಮದ ಮೇಲೆ ಕಂದು ಕಲೆ ಉಳಿದುಬಿಡುತ್ತದೆ."

ನನ್ನ ಕಣ್ಣೆಲ್ಲ ಗಡಿಯಾರದ ಮೇಲೆ. "ಸಿಸ್ಟರ್, ಸ್ವಲ್ಪ ಬೇಗ ಬಿಡಬಹುದೇ? ಹನ್ನೆರಡಕ್ಕೆ ಬಸ್ಸಿದೆ." ಅವರು ತಲೆಯಾಡಿಸಿದರು. "ಇದನ್ನು ಓಡಿಸುವ ಹಾಗಿಲ್ಲ."

ಕೆಲವೇ ನಿಮಿಷದಲ್ಲಿ ತಂಗಿಯ ಮುಖ ಕೆಂಪಗಾಯಿತು. "ಅಕ್ಕಾ, ಎದೆ ಹಿಡಿದ ಹಾಗಾಗುತ್ತಿದೆ." ನಾನು ಕೂಗುವ ಮೊದಲೇ ನರ್ಸ್ ಡ್ರಿಪ್ಪಿನ ಚಕ್ರ ತಿರುಗಿಸಿ ನಿಲ್ಲಿಸಿದ್ದರು. ಬಿಪಿ ಇಳಿದಿರಲಿಲ್ಲ, ಉಬ್ಬಸವಿಲ್ಲ, ತುಟಿ ಊದಿಲ್ಲ. ಹತ್ತು ನಿಮಿಷದಲ್ಲಿ ಎದೆ ಹಗುರಾಯಿತು. ವೈದ್ಯರು ಬಂದು ನೋಡಿ, ಇದು ಅಲರ್ಜಿಯಲ್ಲ, ನಿಲ್ಲಿಸಿದರೆ ತಾನಾಗಿ ಇಳಿಯುತ್ತದೆ ಎಂದರು. ಹಳೆಯ ಕಾಲದ ಐರನ್ ಡೆಕ್ಸ್ಟ್ರಾನ್‌ನಲ್ಲಿ ಜೀವಕ್ಕೆ ಕುತ್ತು ತರುವ ಅಲರ್ಜಿ ಹೆಚ್ಚಿತ್ತಂತೆ. ಈಗಿನ ಔಷಧಿಗಳಲ್ಲಿ ಅದು ತೀರಾ ಅಪರೂಪ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಅದಕ್ಕೇ ಮುಗಿದ ಮೇಲೂ ಅರ್ಧ ಗಂಟೆ ಕೂರಿಸುತ್ತಾರೆ. ಡ್ರಿಪ್ ಮತ್ತೆ ಶುರುವಾಯಿತು, ಮೊದಲಿಗಿಂತ ನಿಧಾನವಾಗಿ.

ಆ ಅರ್ಧ ಗಂಟೆಯಲ್ಲಿ ತಂಗಿ ಮೆಲ್ಲಗೆ ಹೇಳಿದಳು: "ಎದೆ ಆಗಲೇ ಬಿಗಿಯುತ್ತಿತ್ತು ಅಕ್ಕಾ. ನೀನು ಬಸ್ಸಿಗೆ ಒದ್ದಾಡುತ್ತಿದ್ದೆ, ಅದಕ್ಕೇ ತಡೆದುಕೊಂಡೆ."

ನನಗೆ ಮಾತೇ ಹೊರಡಲಿಲ್ಲ. ಅವಳ ಕೈ ಹಿಡಿದು ಕುಳಿತೆ. ಒಂದು ದಿನ ಬಿಟ್ಟು ಮತ್ತೆ ಬರಬೇಕಿತ್ತು. ಆ ದಿನ ಮನೆಯಿಂದ ಮಧ್ಯಾಹ್ನದ ಬುತ್ತಿಯನ್ನೂ ಕಟ್ಟಿಕೊಂಡು ಹೊರಟೆವು.