ಪ್ಲೇಟಿನಲ್ಲಿ ಮಾತು, ಪರದೆಯಲ್ಲಿ ತುಟಿ: ಮೊದಮೊದಲ ಆಸ್ಕರ್

ಬಳ್ಳಾರಿಯಲ್ಲಿ ಆಸ್ಕರ್ ನೋಡಬೇಕೆಂದರೆ ಬೆಳಗಿನ ಚಾ ಹೊತ್ತಿಗೇ ಟಿವಿ ಹಚ್ಚಬೇಕು, ಮುಗಿಯೋದರೊಳಗೆ ಬಿಸಿಲೇರಿರುತ್ತದೆ. 1929ರ ಮೇ 16ರಂದು ಹಾಲಿವುಡ್‌ನ ರೂಸ್‌ವೆಲ್ಟ್ ಹೋಟೆಲಿನ ಮೊದಲ ಸಮಾರಂಭದಲ್ಲಿ ಪ್ರಶಸ್ತಿ ಹಂಚಿದ್ದು ಸುಮಾರು 15 ನಿಮಿಷ. ಗೆದ್ದವರ ಹೆಸರು ಫೆಬ್ರವರಿಯಲ್ಲೇ ಹೊರಬಿದ್ದಿತ್ತು. ನನಗಂತೂ ಆ ಪದ್ಧತಿಯೇ ಚಂದ ಕಾಣುತ್ತದೆ.

ಮಾತಾಡುವ ‘ದಿ ಜಾಝ್ ಸಿಂಗರ್’ ಅನ್ನು ಮೂಕಿಗಳ ಎದುರು ಅತ್ಯುತ್ತಮ ಚಿತ್ರದ ಸ್ಪರ್ಧೆಗೆ ಬಿಡುವುದು ಅನ್ಯಾಯವೆಂದು ಅದನ್ನು ತೆಗೆದ ವಾರ್ನರ್ ಬ್ರದರ್ಸ್‌ಗೆ ಬೇರೆಯೇ ಗೌರವ ಪ್ರಶಸ್ತಿ ಕೊಟ್ಟರು.

ಆ ಚಿತ್ರದ ಧ್ವನಿ ಇದ್ದದ್ದು ಫಿಲ್ಮಿನ ಮೇಲಲ್ಲ, ಗ್ರಾಮಫೋನಿನಂಥ 16 ಇಂಚಿನ ಪ್ಲೇಟಿನಲ್ಲಿ. 1000 ಅಡಿಯ ರೀಲಿಗೊಂದು ಪ್ಲೇಟು. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ 11 ನಿಮಿಷ. ಫಿಲ್ಮಿನ ಗುರುತಿನ ಫ್ರೇಮನ್ನು ಪ್ರೊಜೆಕ್ಟರಿನ ಗೇಟಿಗೆ ಕೂಡಿಸಿ, ಪ್ಲೇಟಿನ ಬಾಣದ ಗುರುತಿಗೆ ಮುಳ್ಳು ಇಟ್ಟು, ಎರಡನ್ನೂ ಒಂದೇ ಮೋಟಾರಿನಲ್ಲಿ ಓಡಿಸಬೇಕು. ಫಿಲ್ಮ್ ಹರಿದರೆ ಫಜೀತಿ. 12 ಫ್ರೇಮು ಕತ್ತರಿಸಿ ಅಂಟಿಸಿದರೆ ಅಲ್ಲಿಂದಾಚೆ ಚಿತ್ರ ಅರ್ಧ ಸೆಕೆಂಡು ಮುಂದೆ: ತುಟಿ ಮೊದಲು, ಮಾತು ಆಮೇಲೆ. ಅದಕ್ಕೇ ಕತ್ತರಿಸಿದಷ್ಟೇ ಖಾಲಿ ಫ್ರೇಮು ಸೇರಿಸಬೇಕಿತ್ತು. ಮುಳ್ಳು ಗೆರೆ ಹಾರಿದರಂತೂ ಆ ರೀಲು ಮುಗಿಯುವ ತನಕ ಸರಿಹೋಗುವುದು ಕಷ್ಟ. (ಅದೇ ಕಾಲದಲ್ಲಿ ನಮ್ಮ ಬಳ್ಳಾರಿ ರಾಘವರಿಗೆ ರಂಗದ ಮೇಲೆ ಈ ಯಾವ ತಂಟೆಯೂ ಇರಲಿಲ್ಲ!)

ಧ್ವನಿಗ್ರಹಣಕ್ಕೇ ಪ್ರಶಸ್ತಿ ಶುರುವಾದದ್ದು 1930ರ ನವೆಂಬರಿನ ಮೂರನೇ ಸಮಾರಂಭದಲ್ಲಿ. ‘ದಿ ಬಿಗ್ ಹೌಸ್’ಗಾಗಿ ಎಂಜಿಎಂ ಸ್ಟುಡಿಯೋದ ಡಗ್ಲಸ್ ಶಿಯರರ್ ಗೆದ್ದರು, ಅದೇ ಸಮಾರಂಭದಲ್ಲಿ ಅವರ ತಂಗಿ ನಾರ್ಮಾ ಅತ್ಯುತ್ತಮ ನಟಿ.