ಸ್ಟಾಕ್‌ಹೋಮ್‌ನಿಂದ ರೂನ್ ಕಲ್ಲುಗಳ ಕಡೆಗೆ: ಹೊರಡುವ ಮುನ್ನ ತಿಳಿದಿರಬೇಕಾದ್ದು

ರೂನ್ ಕಲ್ಲು, ಅಂದರೆ ಉತ್ತರ ಯುರೋಪಿನ ಹಳೆಯ ರೂನ್ ಲಿಪಿಯಲ್ಲಿ ಕೆತ್ತಿದ ಶಾಸನ ನೋಡಲು ಸ್ವೀಡನ್ನಿಗೆ ಹೋಗುವವರು ಸ್ಟಾಕ್‌ಹೋಮ್‌ನ ಉತ್ತರಕ್ಕಿರುವ ಟೇಬಿ ಮತ್ತು ವಲೆಂಟೂನಾಕ್ಕೆ ಒಂದಿಡೀ ದಿನ ಎತ್ತಿಡಿ. ದೇಶದ ಸುಮಾರು ಎರಡೂವರೆ ಸಾವಿರ ಕಲ್ಲುಗಳಲ್ಲಿ ಅರ್ಧದಷ್ಟು ಉಪ್ಲಂಡ್ ಪ್ರಾಂತ್ಯದಲ್ಲೇ ಇವೆ. ಹೆಚ್ಚಿನವು 11ನೇ ಶತಮಾನದವು. ಇಲ್ಲಿ ಅನೇಕ ಕಲ್ಲುಗಳು ಮ್ಯೂಸಿಯಂ ಸೇರದೆ, ನಿಲ್ಲಿಸಿದ ಜಾಗದಲ್ಲೇ ರಸ್ತೆ ಪಕ್ಕ ನಿಂತಿವೆ.

ಮೆಟ್ರೋದಲ್ಲಿ ತೆಕ್ನಿಸ್ಕಾ ಹೋಗ್‌ಸ್ಕೂಲನ್‌ವರೆಗೆ ಹೋಗಿ, ಪಕ್ಕದ ಸ್ಟಾಕ್‌ಹೋಮ್ಸ್ ಓಸ್ತ್ರಾ ನಿಲ್ದಾಣದಿಂದ ಕೋರ್ಸ್ತಾ ಕಡೆಯ ರೂಸ್‌ಲಾಗ್ಸ್‌ಬಾನಾ ರೈಲು ಹತ್ತಿ. ಟೇಬಿ ಶಿರ್ಕ್‌ಬಿಯಲ್ಲಿ ಇಳಿದರೆ, ಯಾರ್ಲಬಂಕೆ ಎಂಬ ಒಡೆಯ ಕಟ್ಟಿಸಿದ ಸೇತುವೆಗೆ ನಡೆದೇ ಹೋಗಬಹುದು. ಸ್ಟಾಕ್‌ಹೋಮ್‌ನ ಸಾರಿಗೆ ಸಂಸ್ಥೆ ಎಸ್‌ಎಲ್‌ನ ಒಂದು ಟಿಕೆಟ್ 75 ನಿಮಿಷ ನಡೆಯುತ್ತದೆ. ಬೇಸಿಗೆಯಲ್ಲಿ ಹಳಿ ಕೆಲಸ ನಡೆದು ಬದಲಿ ಬಸ್ ಹಾಕುವುದುಂಟು, ಹಿಂದಿನ ದಿನವೇ ನೋಡಿಕೊಳ್ಳಿ.

ಸೇತುವೆ ಅಂದರೆ ಜೌಗು ನೆಲದ ಮೇಲೆ ಕಟ್ಟಿದ ಸುಮಾರು 150 ಮೀಟರ್ ಉದ್ದದ ಏರಿ. ನಾಲ್ಕು ಕಲ್ಲುಗಳಿದ್ದವು, ಯು 164 ಮತ್ತು ಯು 165 ಇಲ್ಲೇ ಉಳಿದಿವೆ, ಉಳಿದೆರಡು ದಾಂಡರಿಡ್ ಮತ್ತು ಫ್ರೆಸ್ತಾ ಚರ್ಚುಗಳಲ್ಲಿವೆ. ‘ಯು’ ಎಂದರೆ ಉಪ್ಲಂಡ್, ಮುಂದಿನದು ಕಲ್ಲಿನ ಕ್ರಮಸಂಖ್ಯೆ. ಈ ಸಂಖ್ಯೆಯನ್ನು ಪ್ರಾಚೀನ ಸ್ಮಾರಕಗಳ ‘ಫೋರ್ನ್‌ಸೋಕ್’ ನಕ್ಷೆಯಲ್ಲೋ ರೂನ್ ಶಾಸನಗಳ ‘ರೂನೋರ್’ ಜಾಲತಾಣದಲ್ಲೋ ಹುಡುಕಿ, ಶಾಸನದ ಪಾಠವನ್ನು ಮೊದಲೇ ಇಳಿಸಿಕೊಂಡಿರಿ.

ಯು 164 ಓದು ಕಲಿಯಲು ಒಳ್ಳೆಯ ಕಲ್ಲು. ಬರಹ ಕಲ್ಲಿನಲ್ಲಿ ಕೆತ್ತಿದ ಹಾವಿನ ಮೈಯೊಳಗೆ ಸಾಗುತ್ತದೆ; ಇಂಥ ಕಲ್ಲುಗಳಲ್ಲಿ ತಲೆಯ ಹತ್ತಿರದಿಂದ ಶುರು ಮಾಡಿದರೆ ಸಾಮಾನ್ಯವಾಗಿ ದಾರಿ ಸಿಗುತ್ತದೆ. ಪದಗಳ ನಡುವೆ ಸಣ್ಣ × ಗುರುತು ಅಥವಾ ಚುಕ್ಕಿ. ಆಗ ಬಳಕೆಯಲ್ಲಿದ್ದದ್ದು ಬರೀ 16 ಅಕ್ಷರ, ಹಾಗಾಗಿ ಕ-ಗ, ತ-ದ, ಬ-ಪ ಭೇದವನ್ನು ಓದುವವರೇ ಊಹಿಸಿಕೊಳ್ಳಬೇಕು. ಕಲ್ಲಿನಲ್ಲಿ ‘ಇಅರ್ಲಬಕಿ’ ಎಂದಿದೆ. ಕ ಮುಂದೆ ಬರುವ ಅನುನಾಸಿಕವನ್ನು ಬರೆಯದೆ ಬಿಡುವುದು ರೂಢಿ, ಹೆಸರು ಯಾರ್ಲಬಂಕಿ, ಈಗಿನ ರೂಪದಲ್ಲಿ ಯಾರ್ಲಬಂಕೆ. ‘ತಬು’ ಅಂದರೆ ಟೇಬಿ, ‘ಕುಥ್’ ಅಂದರೆ ದೇವರು. ತಾನು ಬದುಕಿರುವಾಗಲೇ ತನ್ನದೇ ನೆನಪಿಗೆ ಕಲ್ಲು ನಿಲ್ಲಿಸಿದೆ, ಆತ್ಮದ ಸಲುವಾಗಿ ಸೇತುವೆ ಕಟ್ಟಿದೆ, ಇಡೀ ಟೇಬಿಗೆ ಒಬ್ಬನೇ ಒಡೆಯ ಎಂದು ಆತ ಬರೆಸಿದ್ದಾನೆ. ನಮ್ಮ ವೀರಗಲ್ಲು ಕಂಡವರಿಗೆ ಈ ಧೋರಣೆ ಅಚ್ಚರಿಯೇ! ಮುಂದೆ ವಲೆಂಟೂನಾ ಚರ್ಚಿನ ಯು 212 ನೋಡಿ. ಎರಡೂ ಮುಖಗಳಲ್ಲಿ ಇವನದೇ ಮಾತು.

ಅಕ್ಷರಗಳಲ್ಲಿ ಕಾಣುವ ಕೆಂಪು ಬಣ್ಣವನ್ನೇ ಶಾಸನ ಅಂದುಕೊಳ್ಳಬೇಡಿ. ಅದು ತಜ್ಞರು ಈಚೆಗೆ ತುಂಬಿದ್ದು, ಅವರ ಓದು ಅಷ್ಟೇ. ಹಿಂದೆ ತಪ್ಪಾಗಿ ಬಣ್ಣ ಕಂಡ ಗೀರುಗಳೂ ಇವೆ. ಅನುಮಾನ ಬಂದಲ್ಲಿ ಓರೆ ಬೆಳಕು ಬೇಕು. ಟಾರ್ಚನ್ನು ಕಲ್ಲಿನ ಅಂಚಿಗೆ, ಮೇಲ್ಮೈಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಿಡಿಯಿರಿ. ಕ್ಯಾಮೆರಾ ಟ್ರೈಪಾಡ್ ಮೇಲೆ ಅಲುಗದಿರಲಿ. ಬೆಳಕನ್ನು ಮಾತ್ರ ಎಡ, ಬಲ, ಮೇಲೆ, ಕೆಳಗೆ ಬದಲಿಸುತ್ತಾ ನಾಲ್ಕು ಫೋಟೋ ತೆಗೆಯಿರಿ. ಒಂದೇ ದಿಕ್ಕಿನ ಬೆಳಕಾದರೆ ಅದಕ್ಕೆ ಸಮನಾಗಿರುವ ಗೆರೆಗಳು ಕಾಣೆಯಾಗುತ್ತವೆ. ಹಾವಿನ ಪಟ್ಟಿ ದಾಟಿಯೂ ಮುಂದುವರಿಯುವ ಗೀರು ಬಹುತೇಕ ಬಿರುಕೇ. ಜೂನ್ ನಡುಹಗಲಿನ ಬಿಸಿಲಿನಲ್ಲಿ ಸವೆದ ಕೆತ್ತನೆ ಕಣ್ಣಿಗೆ ಬೀಳುವುದು ಕಷ್ಟ, ಸಂಜೆಯ ಇಳಿಬಿಸಿಲು ಚೆನ್ನ. ಡಿಸೆಂಬರಿನಲ್ಲಂತೂ ಮಧ್ಯಾಹ್ನ ಮೂರಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ.

ನಮ್ಮಲ್ಲಿ ಶಾಸನಕ್ಕೆ ಸೀಮೆಸುಣ್ಣವೋ ಹಿಟ್ಟೋ ಬಳಿದು ಓದುವ ಅಭ್ಯಾಸವಿದೆ, ಪಡಿಯಚ್ಚು ತೆಗೆಯುವುದೂ ಇದೆ. ಅಲ್ಲಿ ಇದ್ಯಾವುದೂ ಬೇಡ. ಕಲ್ಲುಗಳಿಗೆ 1988ರ ಪರಂಪರೆ ಕಾಯ್ದೆಯ ರಕ್ಷಣೆಯಿದೆ. ಕಲ್ಲುಹೂವನ್ನು ಉಗುರಿನಿಂದಲೂ ಕೆರೆಯಬೇಡಿ: ಅದರ ಎಳೆಗಳು ಗ್ರಾನೈಟ್ ಹರಳುಗಳ ಸಂದಿಗೆ ಇಳಿದಿರುತ್ತವೆ, ಕಿತ್ತರೆ ಹರಳೂ ಜೊತೆಗೆ ಬರುತ್ತದೆ. ಆ ತೆರೆದ ಸಂದಿಗೆ ನೀರು ಸೇರಿ ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗಿ ಪದರ ಎಬ್ಬಿಸುತ್ತದೆ. ರಸ್ತೆ ಬದಿಯ ಕಲ್ಲುಗಳಿಗೆ ಚಳಿಗಾಲದಲ್ಲಿ ಎರಚುವ ಉಪ್ಪಿನ ಕಾಟ ಬೇರೆ. ಸ್ವಚ್ಛತೆ, ಬಣ್ಣ ಎಲ್ಲವೂ ರಾಷ್ಟ್ರೀಯ ಪರಂಪರೆ ಮಂಡಳಿಯ ಜವಾಬ್ದಾರಿ.

ಹೊಲ, ಕಾಡಿನಲ್ಲಿ ನಡೆಯಲು ಸ್ವೀಡನ್ನಿನಲ್ಲಿ ಎಲ್ಲರಿಗೂ ಹಕ್ಕಿದೆ, ಆದರೆ ಬೆಳೆ ತುಳಿಯುವಂತಿಲ್ಲ, ಮನೆಯಂಗಳ ಹೊಗುವಂತಿಲ್ಲ. ಉದ್ದ ಹುಲ್ಲಿನಲ್ಲಿ ಮಿದುಳು ಜ್ವರ ಹರಡುವ ಉಣ್ಣಿಗಳಿರುತ್ತವೆ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಂಡು ಹೋಗಿ, ರಾತ್ರಿ ಮೊಣಕಾಲ ಹಿಂಭಾಗ, ಕಂಕುಳು ನೋಡಿಕೊಳ್ಳಿ.