ಭಾಷಣ ಬೇಡ, ಜಗಳ ಇರಲಿ

14 ಜೂನ್ 2025, ಶನಿವಾರ

ಇವತ್ತು ಇಡೀ ದಿನ ರೇಡಿಯೋ ನಾಟಕದ ಒಂದೇ ಕಂತು ಬರೆಯುತ್ತಾ ಕೂತಿದ್ದೆ. ಸಣ್ಣ ಹಿಡುವಳಿಯ ಭತ್ತದ ರೈತರಿಗಾಗಿ ಮಾಡುತ್ತಿರುವ ನಾಟಕ, ಈ ಕಂತಿನ ವಿಷಯ ಎಲೆ ಸುರುಳಿ ಹುಳು. ಕೊನೆಯಲ್ಲಿ ಕೃಷಿ ಅಧಿಕಾರಿ ಬಂದು ಎಲ್ಲವನ್ನೂ ವಿವರಿಸಲಿ ಅಂತ ತಂಡದಲ್ಲಿ ಒಬ್ಬರು ಹೇಳುತ್ತಿದ್ದಾರೆ. ನನಗೆ ಸುತರಾಂ ಒಪ್ಪಿಗೆ ಇಲ್ಲ. ಅಲ್ಲಿಯವರೆಗೆ ಕಥೆ ಕೇಳಿದವರು ಭಾಷಣ ಶುರುವಾದ ಕೂಡಲೇ ಸ್ಟೇಷನ್ ಬದಲಾಯಿಸುತ್ತಾರೆ, ಅಲ್ವಾ?

ವಿಯೆಟ್ನಾಂನ ಮೆಕಾಂಗ್ ಡೆಲ್ಟಾದಲ್ಲಿ 1994ರಲ್ಲಿ ನಡೆದ ಪ್ರಚಾರ ನೋಡಿ. ಹೇಳಬೇಕಾಗಿದ್ದದ್ದು ಒಂದೇ ಮಾತು: ಬಿತ್ತಿದ ಮೊದಲ 40 ದಿನ ಎಲೆ ತಿನ್ನುವ ಹುಳುಗಳಿಗೆ ಔಷಧಿ ಹೊಡೆಯಬೇಡಿ. ಪೋಸ್ಟರ್, ಕರಪತ್ರಗಳೂ ಇದ್ದವು, ಆದರೆ ರೇಡಿಯೋದಲ್ಲಿ ಅದನ್ನು ಹಾಸ್ಯ ಕಲಾವಿದರ ಕೈಯಲ್ಲಿ ಕಿರುನಾಟಕ ಮಾಡಿಸಿದರು. ಮಾತಿನ ಹಿಂದೆ ಗಟ್ಟಿ ಕಾರಣ ಇತ್ತು. ಎಳೆ ಪೈರಿನ ಎಲೆ ಸ್ವಲ್ಪ ಹಾಳಾದರೂ ಅದು ಮತ್ತೆ ಚಿಗುರಿ, ಬುಡದಿಂದ ಹೊಸ ಕವಲು, ಅಂದರೆ ತೆಂಡೆ, ಒಡೆಯುತ್ತದೆ, ಇಳುವರಿಗೆ ಅಂಥ ಪೆಟ್ಟೇನೂ ಬೀಳುವುದಿಲ್ಲ. ಅವಸರ ಮಾಡಿ ಔಷಧಿ ಹೊಡೆದರೆ ಜೇಡಗಳು, ಹುಳು ತಿನ್ನುವ ಬೇರೆ ಕೀಟಗಳೂ ಸಾಯುತ್ತವೆ, ಆಮೇಲೆ ಪೈರಿನ ರಸ ಹೀರುವ ಕಂದು ಜಿಗಿಹುಳುವಿಗೆ ಹೇಳೋರು ಕೇಳೋರು ಇರುವುದಿಲ್ಲ. ಪ್ರಚಾರ ನಡೆದ ಕಡೆ ಔಷಧಿ ಹೊಡೆಯುವುದು ಸುಮಾರು ಅರ್ಧಕ್ಕೆ ಇಳಿಯಿತು. 2004ರಲ್ಲಿ ಅದೇ ಡೆಲ್ಟಾದ ರೈತರಿಗಾಗಿ ರೇಡಿಯೋ ಧಾರಾವಾಹಿಯನ್ನೇ ಶುರು ಮಾಡಿದರು.

ಬ್ರಿಟನ್ನಿನಲ್ಲಿ ಬಿಬಿಸಿ 1951ರಿಂದ ದೇಶದುದ್ದಕ್ಕೂ ಪ್ರಸಾರ ಮಾಡಿದ 'ದಿ ಆರ್ಚರ್ಸ್' ಎಂಬ ರೈತ ಕುಟುಂಬದ ರೇಡಿಯೋ ಧಾರಾವಾಹಿ ಕೂಡ ಇದೇ ದಾರಿಯದು. ಎರಡನೇ ಮಹಾಯುದ್ಧ ಮುಗಿದಿದ್ದರೂ ಆಹಾರಕ್ಕೆ ಇನ್ನೂ ರೇಷನ್ ಇದ್ದ ಕಾಲ. ಜನ ಆ ಮನೆಯವರ ಕಥೆಗಾಗಿ ಕೇಳುತ್ತಿದ್ದರು, ಬೇಸಾಯದ ವಿಷಯ ಜೊತೆಗೆ ಬರುತ್ತಿತ್ತು.

ಹಾಗಾಗಿ ನಾನು ಗಂಡ ಹೆಂಡತಿಯ ಜಗಳವನ್ನೇ ಇಟ್ಟುಕೊಂಡಿದ್ದೇನೆ. ಅವನು ಪಂಪು ಹೆಗಲಿಗೇರಿಸಿದ್ದಾನೆ. "ಪಕ್ಕದ ಗದ್ದೆಯವರು ಆಗಲೇ ಹೊಡೆದಾಯ್ತು, ನಾನು ಸುಮ್ನೆ ಕೂತರೆ ಜನ ಏನಂತಾರೆ?" ಅವಳು ಬದುವಿನ ಮೇಲೆ ಕೂತು ಬುಡ ಬಿಡಿಸಿ ನೋಡುತ್ತಿದ್ದಾಳೆ. "ರೀ, ಬಿತ್ತಿ ಇನ್ನೂ ತಿಂಗಳಾಗಿಲ್ಲ. ಇಲ್ಲಿ ಬಗ್ಗಿ ನೋಡಿ, ಎಷ್ಟೊಂದು ಜೇಡ!" ರೈತರಿಗೆ ಹುಳದ ಭಯ ಎಷ್ಟಿದೆಯೋ ನಾಲ್ಕು ಜನರ ಮಾತಿನ ಭಯವೂ ಅಷ್ಟೇ ಇದೆ. ಅದನ್ನು ಬಿಟ್ಟು ಬರೀ ಕೀಟದ ಪಾಠ ಹೇಳಿದರೆ ಏನೂ ಪ್ರಯೋಜನ ಇಲ್ಲ.

ಇನ್ನು ಪ್ರಸಾರದ ದಿನ. ಬಿತ್ತನೆ ಆದ ಎರಡು ಮೂರು ವಾರದೊಳಗೆ ಈ ಕಂತು ಬರಲೇಬೇಕು, ಅದೂ ರೈತರು ಗದ್ದೆಯಿಂದ ಮನೆಗೆ ಬಂದ ಮೇಲೆ, ಸಂಜೆ. ತಡವಾದರೆ ಅಷ್ಟರಲ್ಲಿ ಎಲ್ಲರೂ ಔಷಧಿ ಹೊಡೆದು ಮುಗಿಸಿರುತ್ತಾರೆ. ಸೋಮವಾರ ನಿಲಯದವರ ಹತ್ತಿರ ಮೊದಲು ಇದನ್ನೇ ಮಾತಾಡಬೇಕು.